ರಾಬರ್ಟ್ ಬ್ರೂಸ್ ಫೂಟ್ ಮಹಾಶಯರೂ ನಮ್ಮ ಬೂದಿಯ ದಿಬ್ಬಗಳೂ

ಮಾಗಡಿಯ ಸೀಮೆಯಲ್ಲಿ ಸಂಚರಿಸಿದವರೆಲ್ಲರೂ ಸಾವನದುರ್ಗದ ಬಂಡೆಯನ್ನು ಕಂಡೇ ಇರುತ್ತಾರೆ. ಸಮುದ್ರಮಟ್ಟದಿಂದ 1,200 ಮೀಟರಿಗೂ ಮಿಗಿಲಾಗಿ ತಲೆಯೆತ್ತಿ ನಿಂತ ಕರಿಗುಡ್ಡ ಬಿಳಿಗುಡ್ಡಗಳೂ, ಮಾಗಡಿಯ ಕೆಂಪೇಗೌಡರ ವಂಶದವರಿಗೆ ಆಸರೆಯಾಗಿದ್ದು 1791ರ ಡಿಸೆಂಬರಿನಲ್ಲಿ ಕಾರನ್‌ವಾಲೀಸನ ಸೈನ್ಯಕ್ಕೆ ವಶವಾದ ಕೋಟೆಯೂ, ಬುಡದಲ್ಲಿರುವ ವೀರಭದ್ರಸ್ವಾಮಿ ನರಸಿಂಹಸ್ವಾಮಿಗಳ ಗುಡಿಗಳೂ ಅಪರಿಚಿತವಾದವುಗಳಲ್ಲ. ಮಳೆ ಬಂದು ನಿಂತ ಮೇಲೆ ಬಿಸಿಲು ಬಿದ್ದಾಗ ಆ ಬಂಡೆಯು ಯಾರೋ ಸಾಣೆ ಹಿಡಿದಂತೆ ಹೊಳೆಯುವುದು. ಇಷ್ಟು ಹಳೆಯ ಕಲ್ಲಿನಲ್ಲಿ ಪುರಾತನ ಪ್ರಾಣಿಗಳ ಗುರುತುಗಳು ಸಿಕ್ಕಲೇಬೇಕಲ್ಲವೆ ಎಂದು ನಮ್ಮ ಮಿತ್ರರಲ್ಲಿ ಕೆಲವರು ಕೇಳುವುದುಂಟು. ಸಿಕ್ಕವು ಎಂಬುದೇ ಉತ್ತರ. ಭೂಮಿಯ ಒಳಗೆ ಕರಗಿದ್ದ ಶಿಲಾದ್ರವವು ಆರಿ ಗಟ್ಟಿಯಾಗಿ ಹುಟ್ಟಿದ ಕಲ್ಲು ಅದು. ವಯಸ್ಸು ಸುಮಾರು 250 ಕೋಟಿ ವರ್ಷ. ಎಲುಬುಳ್ಳ ಪ್ರಾಣಿಗಳು ಆಗ ಲೋಕದಲ್ಲಿ ಹುಟ್ಟಿಯೇ ಇರಲಿಲ್ಲ.

ಈ ಶಿಲೆಗೆ ಶಾಸ್ತ್ರಜ್ಞರು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರಿಟ್ಟಿರುವರು. ಕ್ಲೋಸ್‌ಪೇಟೆಯೆಂದರೆ ಇಂದಿನ ರಾಮನಗರವೇ. ಕನಕಪುರದ ಕಡೆಯಿಂದ ಮೊದಲಾಗಿ ತುಂಗಭದ್ರೆಯ ಸೀಮೆಯವರೆಗೆ ಸುಮಾರು 400 ಕಿಲೋಮೀಟರು ಉದ್ದಕ್ಕೆ ಈ ಶಿಲೆಯ ಪಟ್ಟಿಯು ಕನ್ನಡನಾಡಿನ ಬೆನ್ನುಹುರಿಯಂತೆ ಹಬ್ಬಿದೆ. ಅದರ ದಕ್ಷಿಣದ ತುದಿಯ ಸಮೀಪದಲ್ಲಿ ಸಾವನದುರ್ಗವಿದ್ದರೆ, ಉತ್ತರದ ತುದಿಯ ನೆರೆಹೊರೆಯಲ್ಲಿ ಬಳ್ಳಾರಿ ರಾಯಚೂರುಗಳ ಬೋಳುಗುಡ್ಡಗಳಿವೆ. ಆ ಗುಡ್ಡಗಳ ಬುಡದಲ್ಲಿ ಬೇರೊಂದು ಬಗೆಯ ಅವಶೇಷವುಂಟು. ಅದು ಎಲುಬಲ್ಲ, ಚಿಪ್ಪಲ್ಲ, ಸಗಣಿ! ನಾಲ್ಕೈದು ಸಾವಿರ ವರ್ಷಗಳ ಹಿಂದೆ ಸುಟ್ಟು, ಕರಗಿ, ಕಲ್ಲಿನಂತಾದ ದನದ ಸಗಣಿ. ಅದನ್ನು ಸಗಣಿಯೆಂದು ಗುರುತಿಸಿದ ಮಹನೀಯರ ಜೀವಿತವನ್ನು ಈ ದಿನ ವಾಚಕರ ಮುಂದಿಡುತ್ತೇವೆ.

ಸಗಣಿಯ ವಿಚಾರವನ್ನು ಸಂಪಾದಕೀಯ ಪುಟಕ್ಕೆ ತಂದುದಕ್ಕಾಗಿ ಮೂಗು ಮುರಿಯುವವರು ಇದ್ದಾರು. ಅಂಥವರು ಇಂಗ್ಲೆಂಡಿನ ವಿಲಿಯಂ ಬಕ್‌ಲೆಂಡರ ಮೇಜನ್ನು ನೆನೆಯಬೇಕು. ಆಕ್ಸ್‌ಫರ್ಡಿನಲ್ಲಿ ಭೂಗರ್ಭಶಾಸ್ತ್ರದ ಬೋಧಕರಾಗಿದ್ದು ಮುಂದೆ ವೆಸ್ಟ್‌ಮಿನ್‌ಸ್ಟರ್ ದೇವಾಲಯದ ಡೀನ್ ಪದವಿಗೇರಿದ ಆ ಪಂಡಿತರು, ಲೈಮ್ ರೀಜಿಸ್ ಎಂಬ ಕಡಲತೀರದ ಊರಿನಲ್ಲಿ ಮೇರಿ ಆನಿಂಗ್ ಎಂಬ ಬಡ ಹೆಣ್ಣುಮಗಳು ಬಂಡೆಯಿಂದ ಬಿಡಿಸಿ ತೆಗೆದ ಉಂಡೆಗಲ್ಲುಗಳನ್ನು ಪರೀಕ್ಷಿಸಿದರು. ಅವುಗಳನ್ನು ಒಡೆದರೆ ಒಳಗೆ ಮೀನಿನ ಮುಳ್ಳು, ಮೀನಿನ ಹುರುಪೆ. ಇವು ಪುರಾತನ ಜಲಚರಗಳ ಮಲವೇ ಕಲ್ಲಾದವು ಎಂದು 1829ರಲ್ಲಿ ವಿದ್ವತ್ಸಭೆಯ ಮುಂದೆ ಸಾರಿ, ಗ್ರೀಕ್ ಭಾಷೆಯಿಂದ ಕೊಪ್ರೊಲೈಟ್ ಎಂಬ ಹೆಸರನ್ನು ಕಟ್ಟಿಕೊಟ್ಟರು. ಅಷ್ಟಕ್ಕೇ ನಿಲ್ಲದೆ ಅಂಥ ಕಲ್ಲುಗಳನ್ನು ಅಡ್ಡಲಾಗಿ ಸೀಳಿಸಿ, ಸಾಣೆ ಹಿಡಿಸಿ, ಮೇಜಿನ ಹಲಗೆಯಲ್ಲಿ ಕೂರಿಸಿದರು. ಆ ಮೇಜು ಇಂದಿಗೂ ಲೈಮ್ ರೀಜಿಸಿನ ವಸ್ತುಸಂಗ್ರಹಾಲಯದಲ್ಲಿದೆ. ಮಲವೆಂದು ತಿಳಿಯದವರು ಅದನ್ನು ರತ್ನಪಡಿಯ ಕೆಲಸವೆಂದೇ ಬಗೆದಾರು. ಇಂದು ಆ ಕಲ್ಲುಗಳನ್ನು ಕೂಡಿಸಿ ಮೆರುಗು ಕೊಡುವ ಹವ್ಯಾಸಿಗಳು ಹಲವು ದೇಶಗಳಲ್ಲಿದ್ದಾರೆ.

ನಮ್ಮ ಕಥಾನಾಯಕರು ಮೇಜು ಮಾಡಿಸಲಿಲ್ಲ. ಆದರೆ ಕೂಡಿಸುವ ಹವ್ಯಾಸದಲ್ಲಿ ಅವರು ಬಕ್‌ಲೆಂಡರಿಗೆ ಕಡಿಮೆಯಾದವರಲ್ಲ. ರಾಬರ್ಟ್ ಬ್ರೂಸ್ ಫೂಟರು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಎಂಬಲ್ಲಿ 1834ನೆಯ ಇಸವಿ ಸೆಪ್ಟೆಂಬರ್ 22ರಂದು ಜನಿಸಿದರು. 1858ರ ಡಿಸೆಂಬರಿನಲ್ಲಿ ಹಿಂದೂದೇಶದ ಭೂಗರ್ಭ ಪರಿಶೋಧನೆಯ ಇಲಾಖೆಯನ್ನು ಸೇರಿ ಮದರಾಸಿನ ಆಧಿಪತ್ಯಕ್ಕೆ ಬಂದರು. ಸರ್ಕಾರವು ಅವರಿಗೆ ಸಂಬಳ ಕೊಟ್ಟದ್ದು ಶಿಲೆಗಳ ನಕ್ಷೆ ಬರೆಯುವುದಕ್ಕೆ, ಖನಿಜಗಳು ಎಲ್ಲಿವೆಯೆಂದು ತಿಳಿಸುವುದಕ್ಕೆ. ಪರರಾಜ್ಯದ ಬೊಕ್ಕಸಕ್ಕೆ ಅದರಿಂದ ಲಾಭವಿತ್ತೆಂಬುದನ್ನು ನಾವು ಮರೆಯಬೇಕಾದುದಿಲ್ಲ. ಆದರೆ ಅವರು ಆ ಕೆಲಸದ ಜತೆಗೇ ಸಂಬಳವಿಲ್ಲದ ಇನ್ನೊಂದು ಕೆಲಸವನ್ನು ಹಚ್ಚಿಕೊಂಡರು. ನಾವು ಅವರಿಗೆ ಋಣಿಗಳಾಗಿರುವುದು ಅದಕ್ಕಾಗಿ.

1863ರ ಮೇ 30ರಂದು ಮದರಾಸಿನ ಸಮೀಪದ ಪಲ್ಲಾವರದಲ್ಲಿ ಗರಸುಕಲ್ಲು ತೋಡಿದ ಗುಂಡಿಯೊಂದರ ಬಳಿ ಅವರಿಗೆ ಒಂದು ಕಲ್ಲು ಸಿಕ್ಕಿತು. ಅದು ಮನುಷ್ಯನು ಕೈಯಾರೆ ಕೆತ್ತಿದ ಕೊಡಲಿ. ಇಂತಹ ಕಲ್ಲುಗಳು ಆದಿಮಾನವನ ಆಯುಧಗಳೆಂದು ಯೂರೋಪಿನ ಪಂಡಿತರು ಒಪ್ಪಿ ಆಗ ನಾಲ್ಕೇ ವರ್ಷಗಳಾಗಿದ್ದವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಹೋದ್ಯೋಗಿಗಳಾದ ವಿಲಿಯಂ ಕಿಂಗರೊಡನೆ ಅತ್ತಿರಂಪಾಕ್ಕಂ ಎಂಬಲ್ಲಿ ಇನ್ನಷ್ಟು ಆಯುಧಗಳನ್ನು ಕಂಡರು. ಅತ್ತಿರಂಪಾಕ್ಕದ ಅತ್ಯಂತ ಹಳೆಯ ಆಯುಧಗಳಿಗೆ ಸುಮಾರು 15 ಲಕ್ಷ ವರ್ಷಗಳಾಗಿವೆಯೆಂದು 2011ರಲ್ಲಿ ಪ್ರಕಟವಾದ ಪರೀಕ್ಷೆಗಳಿಂದ ತಿಳಿದುಬಂದಿದೆ. ನಮ್ಮ ದೇಶದ ಚರಿತ್ರೆಯನ್ನು ಶಾಸನಗಳಿಂದ ಆರಂಭಿಸುತ್ತಿದ್ದ ಕಾಲದಲ್ಲಿ, ಶಾಸನಗಳಿಗೆ ಲಕ್ಷಾಂತರ ವರ್ಷ ಮೊದಲೇ ಇಲ್ಲಿ ಮನುಷ್ಯನು ಬಾಳಿದ್ದನೆಂದು ತೋರಿಸಿಕೊಟ್ಟ ದಿನವದು.

ಕನ್ನಡನಾಡು ಅವರ ಬಾಳಿನ ದೊಡ್ಡ ಭಾಗವನ್ನು ತೆಗೆದುಕೊಂಡಿತು. ಬೆಳಗಾವಿ, ಕಲಾದಗಿ ಮುದಲಾದ ಪ್ರಾಂತಗಳನ್ನು ಒಳಗೊಂಡ ದಕ್ಷಿಣ ಮಹಾರಾಷ್ಟ್ರ ಸೀಮೆಯ ಶಿಲೆಗಳ ಗ್ರಂಥವನ್ನು 1876ರಲ್ಲಿಯೂ, ಬಳ್ಳಾರಿ ಜಿಲ್ಲೆಯ ಗ್ರಂಥವನ್ನು 1895ರಲ್ಲಿಯೂ ಪ್ರಕಟಿಸಿದರು. ಧಾರವಾಡದ ಹೆಸರಿನಿಂದ ಪ್ರಪಂಚದ ಭೂಗರ್ಭಶಾಸ್ತ್ರಜ್ಞರೆಲ್ಲರೂ ಕರೆಯುವ ಶಿಲಾವರ್ಗವನ್ನು ಬೇರೆಯಾಗಿ ಗುರುತಿಸಿ ಹೆಸರಿಟ್ಟವರು ಅವರೇ. ಕೋಲಾರದ ಚಿನ್ನ, ಸೊಂಡೂರಿನ ಕಬ್ಬಿಣದ ಅದಿರು ಇವೆರಡೂ ಆ ವರ್ಗಕ್ಕೆ ಸೇರಿದವು. ಡೇರೆ ಹೂಡುತ್ತ, ಕಿತ್ತುತ್ತ, ಹೊಲ ಹಳ್ಳಗಳನ್ನು ನಡೆದು ನೋಡುತ್ತ, ಕಂಡ ಪ್ರತಿಯೊಂದು ಕಲ್ಲುಗೊಡಲಿಯನ್ನೂ ಮಡಕೆಯ ಚೂರನ್ನೂ ಆಯ್ದು, ಸಿಕ್ಕಿದ ಸ್ಥಳವನ್ನು ತಪ್ಪದೆ ಬರೆದಿಟ್ಟರು. ಸ್ಥಳವನ್ನು ಬರೆಯದೆ ಕೂಡಿಸಿದ ವಸ್ತುವು ಬರಿಯ ಆಟಿಗೆ. ಬರೆದಿಟ್ಟರೆ ಅದು ಸಾಕ್ಷಿ.

ಬಳ್ಳಾರಿಯ ಸಮೀಪದ ಸಂಗನಕಲ್ಲು, ಕುಪ್ಪಗಲ್ಲುಗಳ ಗುಡ್ಡಗಳಲ್ಲಿ ಅವರು ಕಲ್ಲುಗೊಡಲಿಗಳ ಕಾರ್ಖಾನೆಯನ್ನೇ ಕಂಡರು. ಗ್ರಾನೈಟ್ ಬಂಡೆಯ ನಡುವೆ ಗೋಡೆಯಂತೆ ಹಾಯ್ದ ಕರಿಕಲ್ಲನ್ನು ಆ ಕಾಲದ ಜನರು ಒಡೆದು, ಚಕ್ಕೆಯೆಬ್ಬಿಸಿ, ಕುಟ್ಟಿ ಆಕಾರಕ್ಕೆ ತಂದು, ಕೊನೆಗೆ ನೀರು ಹಾಕಿ ಗ್ರಾನೈಟ್ ಹಾಸಿನ ಮೇಲೆ ಉಜ್ಜಿ ಉಜ್ಜಿ ಬಾಯಿಯನ್ನು ಹರಿತಮಾಡುತ್ತಿದ್ದರು. ಹಾಗೆ ಉಜ್ಜಿದ ಕೊಡಲಿಯ ಬಾಯಿ ಮುಟ್ಟಿದರೆ ಗಾಜಿನಂತೆ ನುಣುಪು. ಉಜ್ಜಿದ ಕಡೆ ಬಂಡೆಯಲ್ಲಿ ಬಿದ್ದ ತೋಡುಗಳು ಇನ್ನೂ ಉಳಿದಿವೆ. ಕಲ್ಲಿಗೆ ಮೆರುಗು ಕೊಡುವ ವಿದ್ಯೆಯು ನಮ್ಮ ಶಿಲ್ಪಿಗಳಿಗೆ ಎಷ್ಟು ಹಿಂದಿನಿಂದ ಬಂದ ಸೊತ್ತೆಂಬುದು ಇದರಿಂದ ವ್ಯಕ್ತವಾಗುವುದು.

ಇನ್ನು ಬೂದಿಯ ದಿಬ್ಬಗಳ ಮಾತು. ಬೂದಿಗುಂಟ, ಬೂದಿಹಾಳ ಎಂದು ಊರ ಹೆಸರುಗಳಲ್ಲಿಯೇ ಬೂದಿಯುಂಟು. ಒಂದಾಳು ಎತ್ತರದಿಂದ ಹಿಡಿದು ಹಲವಾಳು ಎತ್ತರದವರೆಗಿನ ಈ ದಿಬ್ಬಗಳಲ್ಲಿ ಮೆತ್ತನೆಯ ಬಿಳಿಬೂದಿಯ ಪದರ, ಅದರ ಮೇಲೆ ಕಮ್ಮಾರನ ಕುಲುಮೆಯ ಕಿಟ್ಟದಂತೆ ಗಟ್ಟಿಯಾಗಿ ಗಾಜುಗಟ್ಟಿದ ಪದರ, ಮತ್ತೆ ಬೂದಿ, ಹೀಗೆ ಒಂದರ ಮೇಲೊಂದು ಕೂಡಿವೆ. ಹಂಪೆಯ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತಾಭಸ್ಮವೆಂದು ಜನರು ನಂಬಿದರು. ಬಳ್ಳಾರಿಯ ಕಡೆಯವರು ಹಿಡಿಂಬಾಸುರನ ಬೂದಿಯೆಂದರು. 19ನೆಯ ಶತಮಾನದ ಪೂರ್ವಾರ್ಧದಲ್ಲಿ ನ್ಯೂಬೋಲ್ಡ್ ಎಂಬ ಸೇನಾಧಿಕಾರಿಯು ಇವುಗಳ ವೃತ್ತಾಂತವನ್ನು ಬರೆದ ಮೇಲೆ ವಿದ್ವಾಂಸರಲ್ಲಿ ವಾದವೆದ್ದಿತು. ಕಬ್ಬಿಣ ಕರಗಿಸಿದ ಕಿಟ್ಟವೆಂದವರುಂಟು. ಬಲಿಯ ಅಥವಾ ಸಾಮೂಹಿಕ ದಹನದ ಶೇಷವೆಂದವರುಂಟು.

ಫೂಟರು ದಿಬ್ಬದ ಸುತ್ತಲಿನ ವಸ್ತುಗಳನ್ನೂ ಗಮನಿಸಿದರು. ಅಲ್ಲಿ ದೊರೆಯುತ್ತಿದ್ದವು ಕಲ್ಲುಗೊಡಲಿ, ಬೀಸುವ ಕಲ್ಲು, ಕೈಯಿಂದ ಮಾಡಿದ ಮಡಕೆ, ದನದ ಎಲುಬು. ಆದುದರಿಂದ ಇವು ನವಶಿಲಾಯುಗದ ಗೋಪಾಲಕರ ದೊಡ್ಡಿಗಳು. ದೊಡ್ಡಿಯೊಳಗೆ ವರ್ಷಾಂತರಗಳಿಂದ ಶೇಖರವಾದ ಸಗಣಿಯೇ ಉರಿದು ಈ ರೂಪವನ್ನು ತಾಳಿದೆ ಎಂದು ನಿರ್ಣಯಿಸಿದರು. ಸಗಣಿ ಗಾಜಾಗುವುದುಂಟೆ ಎಂಬ ಶಂಕೆ ಸಹಜವಾದುದು. ಹುಲ್ಲಿನಲ್ಲಿ ಮರಳಿನ ಸತ್ತ್ವವೇ ಆದ ಸಿಲಿಕವೂ ಕ್ಷಾರಗಳೂ ಇವೆ. ಮೇದ ಹುಲ್ಲು ಸಗಣಿಯಾದರೂ ಅವು ನಾಶವಾಗುವುದಿಲ್ಲ. ರಾಶಿಯು ಬಹಳ ಕಾಲ ಬಲವಾಗಿ ಉರಿದರೆ ಕ್ಷಾರಗಳ ಸಹಾಯದಿಂದ ಸಿಲಿಕವು ಕರಗಿ, ಆರಿದಾಗ ಗಾಜಾಗುವುದು. ಬೆರಣಿಯ ಬೂದಿಯನ್ನು ವಿಭೂತಿಯಾಗಿ ಹಣೆಗೆ ಧರಿಸುವ ನಾಡಿನಲ್ಲಿ ಹುಟ್ಟಿದ ನಮಗೆ ಹೊಳೆಯಬೇಕಾಗಿದ್ದ ಮಾತು ಹೊರಗಿನವರೊಬ್ಬರಿಗೆ ಹೊಳೆಯಿತು.

1891ರಲ್ಲಿ ಬ್ರಿಟಿಷ್ ಸರ್ಕಾರದ ಕೆಲಸದಿಂದ ನಿವೃತ್ತರಾದ ಮೇಲೆ ಅವರು ಕೆಲಕಾಲ ಬರೋಡಾ ಸಂಸ್ಥಾನದಲ್ಲಿ ದುಡಿದರು. 1894ರಲ್ಲಿ ಮೈಸೂರು ಸಂಸ್ಥಾನವು ತನ್ನದೇ ಆದ ಭೂಗರ್ಭಶಾಸ್ತ್ರದ ಇಲಾಖೆಯನ್ನು ಸ್ಥಾಪಿಸಿದಾಗ ಅದರ ಮುಖ್ಯಸ್ಥರಾದರು. ಸಾವನದುರ್ಗದ ಶಿಲೆಗೆ ಕ್ಲೋಸ್‌ಪೇಟೆಯ ಹೆಸರನ್ನಿತ್ತ ಸ್ಮೀತ್ ಮಹಾಶಯರು ಅದೇ ಇಲಾಖೆಯಲ್ಲಿ ಅವರ ತರುವಾಯ ಬಂದವರು. ವೃದ್ಧಾಪ್ಯದಲ್ಲಿ ಫೂಟರು ಸೇಲಂ ಜಿಲ್ಲೆಯ ಏರ್ಕಾಡು ಬೆಟ್ಟದಲ್ಲಿ ನೆಲೆಸಿ, ನಾನೂರಕ್ಕೂ ಮೀರಿದ ಸ್ಥಳಗಳಿಂದ ಕೂಡಿಸಿದ ತಮ್ಮ ಸಂಗ್ರಹವನ್ನು ಅಣಿಗೊಳಿಸಿದರು. 1904ರಲ್ಲಿ ಮದರಾಸು ಸರ್ಕಾರವು ಅದನ್ನು ಕೊಂಡು ವಸ್ತುಸಂಗ್ರಹಾಲಯದಲ್ಲಿರಿಸಿತು. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ಅವರು ಕಾಲವಾದರು. ಜೀವಮಾನವೆಲ್ಲ ಬೂದಿಯನ್ನು ಓದಿದವರ ಬೂದಿಯು ಏರ್ಕಾಡಿನ ಇಗರ್ಜಿಯ ಆವರಣದಲ್ಲಿ ನೆಲೆಗೊಂಡಿತು. ಸಂಗ್ರಹದ ವಿವರಣೆಯ ಎರಡು ಸಂಪುಟಗಳು 1914ರಲ್ಲಿಯೂ 1916ರಲ್ಲಿಯೂ ಹೊರಬಂದವು.

ಅವರ ನಿರ್ಣಯಗಳೆಲ್ಲವೂ ನಿಲ್ಲಲಿಲ್ಲ. ಹಳೆಯ ಶಿಲಾಯುಗಕ್ಕೂ ನವಶಿಲಾಯುಗಕ್ಕೂ ನಡುವೆ ಈ ನಾಡಿನಲ್ಲಿ ದೀರ್ಘವಾದ ಶೂನ್ಯಕಾಲವಿತ್ತೆಂದು ಅವರು ಭಾವಿಸಿದ್ದರು. ಮುಂದಿನ ಶೋಧನೆಗಳು ಆ ಅಂತರವನ್ನು ತುಂಬಿದವು. ಆದರೆ ಬೂದಿಯ ವಿಚಾರದಲ್ಲಿ ಗೆದ್ದವರು ಅವರೇ. 1950ರ ದಶಕದ ಕೊನೆಯಲ್ಲಿ ಆಲ್‌ಚಿನ್ ಮಹಾಶಯರು ಕೃಷ್ಣೆಯ ದಕ್ಷಿಣಕ್ಕಲ್ಲದೆ ಉತ್ತರಕ್ಕೂ ಇಂತಹ ದಿಬ್ಬಗಳುಂಟೆಂದು, ಈಗ ತೆಲಂಗಾಣಕ್ಕೆ ಸೇರಿದ ಉಟ್ನೂರಿನ ದಿಬ್ಬವನ್ನು ಅಗೆದಾಗ, ಕಂಬದ ಬೇಲಿಯ ಗುರುತುಗಳೂ ನೆಲದಲ್ಲಿ ಮೂಡಿದ ದನದ ಗೊರಸಿನ ಅಚ್ಚುಗಳೂ ಬೆಳಕಿಗೆ ಬಂದವು. ಅದೇ ಸುಮಾರಿಗೆ ಜಾಯ್ನರ್ ಎಂಬ ವಿಜ್ಞಾನಿಯು ಪರೀಕ್ಷಿಸಿ ಗಾಜುಗಟ್ಟಿದ ಪದರವು ಸಗಣಿಯದೇ ಎಂದು ದೃಢಪಡಿಸಿದರು. 1990ರ ದಶಕದಲ್ಲಿ ಪದ್ದಯ್ಯನವರು ಸುರಪುರದ ಸೀಮೆಯ ಬೂದಿಹಾಳದಲ್ಲಿ ದೊಡ್ಡಿಯ ಪಕ್ಕದಲ್ಲಿಯೇ ಜನರ ವಾಸಸ್ಥಾನವನ್ನೂ ತೋರಿಸಿದರು.

ಹುಲ್ಲಿನ ಸಿಲಿಕದ ಮಹಿಮೆಯನ್ನು ಇನ್ನೊಂದು ಉದಾಹರಣೆಯಿಂದ ಹೇಳಬಹುದು. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಪಿಸ್ದುರಾದಲ್ಲಿ, ಬಕ್‌ಲೆಂಡರು ಮೆಚ್ಚಬಹುದಾದ ಕಲ್ಲುಮಲಗಳು ದೊರೆಯುತ್ತವೆ, ಡೈನೋಸಾರ್‌ಗಳ ಕಾಲದವು. ಅವುಗಳೊಳಗೆ ಹುಲ್ಲಿನ ಸಿಲಿಕದ ಕಣಗಳಿವೆಯೆಂದು 2005ರಲ್ಲಿ ನಮ್ಮ ದೇಶದ ವಿಜ್ಞಾನಿಗಳು ಪ್ರಕಟಿಸಿದರು. ಆ ಕಾಲದಲ್ಲಿ ಹುಲ್ಲೇ ಇರಲಿಲ್ಲವೆಂಬ ಸಿದ್ಧಾಂತವು ಒಂದು ಹಿಡಿ ಸಗಣಿಗಲ್ಲಿನಿಂದ ಬಿದ್ದುಹೋಯಿತು.

ಇಷ್ಟನ್ನೂ ಬರೆದುದು ಗತಿಸಿದವರನ್ನು ಕೊಂಡಾಡಿ ಸುಮ್ಮನಾಗುವುದಕ್ಕಲ್ಲ. ಕರ್ನಾಟಕ, ಆಂಧ್ರ, ತೆಲಂಗಾಣಗಳಲ್ಲಿ ನೂರಕ್ಕೂ ಮಿಗಿಲಾದ ಬೂದಿದಿಬ್ಬಗಳು ಪತ್ತೆಯಾಗಿವೆ. ಅವುಗಳಲ್ಲಿ ಅನೇಕವನ್ನು ಹೊಲಗಳಿಗೆ ಗೊಬ್ಬರವಾಗಿ ಬಂಡಿಗಳಲ್ಲಿ ತುಂಬಿ ಸಾಗಿಸಿದ್ದಾಗಿದೆ. ಸಂಗನಕಲ್ಲಿನ ಗುಡ್ಡಗಳಿಗೆ ಕಲ್ಲುಗಣಿಯ ಬಾಧೆ ತಟ್ಟಿದೆ. ಗೊಬ್ಬರವನ್ನು ಹೊಲಕ್ಕೆ ಹೊಯ್ದ ರೈತನನ್ನು ನಾವು ದೂರಲಾರೆವು. ಅವನಿಗೆ ಅದರ ಅರ್ಥವನ್ನು ತಿಳಿಸಿದವರಾರು? ದೂರಬೇಕಾದುದು ತಿಳಿದೂ ಉದಾಸೀನರಾಗಿರುವವರನ್ನು. ಬಳ್ಳಾರಿಯಲ್ಲಿ ಫೂಟರ ಹೆಸರನ್ನು ಹೊತ್ತ ಪ್ರಾಕ್ತನ ವಸ್ತುಸಂಗ್ರಹಾಲಯವು ಏರ್ಪಟ್ಟಿರುವುದು ಸಂತೋಷದ ಸಂಗತಿ. ಆದರೆ ಗಾಜಿನ ಪೆಟ್ಟಿಗೆಯೊಳಗಿನ ಕೊಡಲಿಯು ಅದು ಹುಟ್ಟಿದ ಗುಡ್ಡಕ್ಕೆ ಬದಲಾಗಲಾರದು. ಕಂದಾಯದ ಅಧಿಕಾರಿಗಳು ತಮ್ಮ ತಮ್ಮ ತಾಲ್ಲೂಕುಗಳ ದಿಬ್ಬಗಳನ್ನು ದಾಖಲೆಗೆ ಸೇರಿಸಲಿ. ಗಣಿಯ ಪರವಾನೆಗೆ ಸಹಿ ಹಾಕುವ ಮೊದಲು ಸ್ಥಳವನ್ನು ಒಮ್ಮೆ ನೋಡಲಿ. ಉಪಾಧ್ಯಾಯರು ಹುಡುಗರನ್ನು ಅಲ್ಲಿಗೆ ಕರೆದುಕೊಂಡು ಹೋಗಲಿ.

ಸಾವನದುರ್ಗದ ಬಂಡೆಯು 250 ಕೋಟಿ ವರ್ಷ ನಿಂತಿದೆ. ನಮ್ಮ ಕಾವಲಿಲ್ಲದೆಯೂ ಅದು ಬಹುಕಾಲ ನಿಂತೀತು. ಅದೇ ಶಿಲೆಯ ಪಟ್ಟಿಯ ಇನ್ನೊಂದು ತುದಿಯ ಬೂದಿಯು ಹಾಗಲ್ಲ. ನಾಲ್ಕೈದು ಸಾವಿರ ವರ್ಷದ ಗೋವಳರ ಬಾಳನ್ನು ಹಿಡಿದಿಟ್ಟುಕೊಂಡಿರುವ ದಿಬ್ಬವನ್ನು ಕರಗಿಸಲು ಒಂದು ಬೇಸಗೆಯ ಬಂಡಿ ಹೊಡೆತವೇ ಸಾಕು.