ಅರವತ್ತನಾಲ್ಕು ಮನೆಗಳ ದೊರೆ

1799ನೆಯ ಇಸವಿಯ ಜೂನ್ 30ರಂದು ಮೈಸೂರಿನಲ್ಲಿ ಐದು ವರ್ಷದ ಬಾಲಕನೊಬ್ಬನಿಗೆ ಪಟ್ಟಾಭಿಷೇಕವಾಯಿತು. ಶ್ರೀರಂಗಪಟ್ಟಣ ಬಿದ್ದು ಎರಡು ತಿಂಗಳೂ ತುಂಬಿರಲಿಲ್ಲ. ಆ ಬಾಲಕನೇ ಮುಮ್ಮಡಿ ಕೃಷ್ಣರಾಜ ಒಡೆಯರು. ದಿವಾನ್ ಪೂರ್ಣಯ್ಯನವರ ತರುವಾಯ ಅವರು ತಾವೇ ರಾಜ್ಯವಾಳಿದ್ದು ಸುಮಾರು 20 ವರ್ಷ ಮಾತ್ರ. ನಗರದ ರೈತರ ದಂಗೆಯನ್ನು ನಿಮಿತ್ತಮಾಡಿಕೊಂಡು 1831ರಲ್ಲಿ ಕಂಪನಿ ಸರ್ಕಾರವು ಆಡಳಿತವನ್ನು ತನ್ನ ವಶಕ್ಕೆ ತೆಗೆದುಕೊಂಡಿತು.

ಅಂದಿನಿಂದ ಕೊನೆಯುಸಿರಿನವರೆಗೆ 37 ವರ್ಷ ಅವರು ರಾಜ್ಯಭಾರವಿಲ್ಲದ ರಾಜರು. ಆದರೂ ಕಾಲವನ್ನು ವ್ಯರ್ಥವಾಗಿ ಕಳೆಯಲಿಲ್ಲ. ಕವಿಗಳಿಗೂ ವಿದ್ವಾಂಸರಿಗೂ ಆಶ್ರಯವಿತ್ತರು. ಒಂಬತ್ತು ನಿಧಿಗಳ ‘ಶ್ರೀತತ್ತ್ವನಿಧಿ’ಯನ್ನು ರಚಿಸಿದರು. ಅದರ ಕೊನೆಯ ಭಾಗವಾದ ಕೌತುಕನಿಧಿಯಲ್ಲಿ ಆಟಗಳಿಗೂ ಸ್ಥಾನ ದೊರೆಯಿತು.

ಅವರ ಮನಸ್ಸನ್ನು ಬಹುವಾಗಿ ಸೆಳೆದದ್ದು ತುರಗಗತಿ. ಚದುರಂಗದ ಕುದುರೆಯು ಯಾವ ಮನೆಯನ್ನೂ ಎರಡು ಸಲ ಮೆಟ್ಟದೆ 64 ಮನೆಗಳನ್ನೂ ಸುತ್ತಬೇಕು. ನಮ್ಮ ಆಲಂಕಾರಿಕರಿಗೆ ಇದು ಹೊಸದಲ್ಲ. 9ನೆಯ ಶತಮಾನದ ರುದ್ರಟನ ‘ಕಾವ್ಯಾಲಂಕಾರ’ದಲ್ಲಿಯೇ ತುರಗಬಂಧವುಂಟು. ಒಡೆಯರು ಇನ್ನೂ ಮುಂದಕ್ಕೆ ನಡೆದರು. ಕುದುರೆ ಮೆಟ್ಟಿದ ಕ್ರಮದಲ್ಲಿ ಮನೆಗಳಿಗೆ 1ರಿಂದ 64ರವರೆಗೆ ಅಂಕೆಯಿಟ್ಟರೆ, ಯಾವ ಅಡ್ಡಸಾಲನ್ನು ಕೂಡಿದರೂ ಯಾವ ಕಂಬಸಾಲನ್ನು ಕೂಡಿದರೂ 260 ಬರುವಂತಹ ಗತಿಯನ್ನು ಅವರು ರಚಿಸಿದರು.

ಈ ತುರಗಗತಿಯೇ ಇಂದು ಗಣಕವಿದ್ಯೆಯ ಅಭ್ಯಾಸಗಳಲ್ಲೊಂದು. ಆಟವಾಡುವ ತಂತ್ರಾಂಶವನ್ನು ಬರೆಯುವವನಿಗೆ ಭಾಷೆಯ ಆಯ್ಕೆ ಮುಖ್ಯ. ಪೈಥಾನಿನಲ್ಲಿ ಬರೆಯುವುದು ಸುಲಭ, ಓಟ ನಿಧಾನ. ಸಿ, ಸಿ++ ಭಾಷೆಗಳ ಬರಹವನ್ನು ಕಂಪೈಲರ್ ಮೊದಲೇ ಯಂತ್ರದ ಆಜ್ಞೆಗಳಾಗಿ ಮಾರ್ಪಡಿಸುತ್ತದೆ. ಒಳ್ಳೆಯ ಕಂಪೈಲರಾದರೆ ವ್ಯರ್ಥ ಹೆಜ್ಜೆಗಳನ್ನೂ ಕಳೆಯುತ್ತದೆ. ಚದುರಂಗದಲ್ಲಿ ಹೆಸರಾದ ಸ್ಟಾಕ್‌ಫಿಷ್ ತಂತ್ರಾಂಶವು ಸಿ++ನಲ್ಲಿರುವುದು ಇದರಿಂದಲೇ. ಆದರೆ ಇವೆರಡಕ್ಕೂ ಮೊದಲು ಬೇಕಾದುದು ಉಪಾಯ. ಹೊರಟ ಮನೆಗೇ ಮರಳಬಲ್ಲ ಕುದುರೆಯ ಸುತ್ತುಗಳೇ, ದಿಕ್ಕನ್ನೂ ಗಣಿಸಿದರೆ, 26 ಲಕ್ಷ ಕೋಟಿಗೂ ಮಿಗಿಲು. ಮುಂದೆ ದಾರಿಗಳು ಅತಿ ಕಡಮೆಯಿರುವ ಮನೆಗೆ ಮೊದಲು ನೆಗೆಯಬೇಕೆಂದು 1823ರಲ್ಲಿ ವಾರ್ನ್ಸ್‌ಡಾರ್ಫ್ ತೋರಿಸಿಕೊಟ್ಟನು. ಈ ಸೂತ್ರವನ್ನು ಬಲ್ಲ ನಿಧಾನದ ಭಾಷೆಯು, ಕುರುಡಾಗಿ ಹುಡುಕುವ ವೇಗದ ಭಾಷೆಯನ್ನು ಹಿಂದಿಕ್ಕಬಲ್ಲದು.

ಎರಡು ಕರ್ಣಗಳೂ 260 ಆಗುವ ಗತಿ ಈ ಮಣೆಯಲ್ಲಿ ಸಾಧ್ಯವೇ? ಸಾಧ್ಯವಿಲ್ಲವೆಂದು 2003ರಲ್ಲಿ ಗಣಕಗಳ ಸಮಗ್ರ ಶೋಧನೆಯಿಂದ ಸಿದ್ಧವಾಯಿತು. ಕರ್ಣಗಳನ್ನು ಬಿಟ್ಟು ಸಾಲುಗಳು ಮಾತ್ರ ಕೂಡಿಬರುವ ಗತಿಗಳಲ್ಲಿ ಒಂದಕ್ಕೊಂದು ಭಿನ್ನವಾದವು 140 ಮಾತ್ರವೆಂದೂ ತಿಳಿದುಬಂದಿತು. ಯಂತ್ರದ ನೆರವಿಲ್ಲದೆ ಒಡೆಯರು ಮುಟ್ಟಿದ್ದು ಮುಟ್ಟಬಹುದಾದ ಎಲ್ಲೆಯನ್ನೇ.

ರಾಜ್ಯವನ್ನು ಮರಳಿ ಕೇಳುವುದನ್ನು ಮಾತ್ರ ಅವರು ಎಂದಿಗೂ ಬಿಡಲಿಲ್ಲ. ಮನವಿಯ ಮೇಲೆ ಮನವಿ ಹೋಯಿತು. 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. 1867ರಲ್ಲಿ ಆ ದತ್ತಕ್ಕೆ ಮನ್ನಣೆ ದೊರೆಯಿತು. 1868ರ ಮಾರ್ಚ್ 27ರಂದು ದೊರೆ ಕಾಲವಾದರು. ಆಡಳಿತವು ಮೈಸೂರಿನ ಅರಸುಮನೆತನಕ್ಕೆ ಮರಳಿದ್ದು 1881ರಲ್ಲಿ. ಅದನ್ನು ಕಾಣಲು ಅವರಿರಲಿಲ್ಲ. ಅದಕ್ಕೆ ಬೇಕಾದ ನಡೆಯನ್ನು ಮಾತ್ರ ಅವರು ಇಟ್ಟುಹೋಗಿದ್ದರು.