ರಸಶಾಸ್ತ್ರದ ಹಸ್ತಪ್ರತಿ ಹುಡುಕಿದ ಪ್ರಫುಲ್ಲಚಂದ್ರ ರಾಯ್

ಆಚಾರ್ಯ ಪ್ರಫುಲ್ಲಚಂದ್ರ ರಾಯ್ ಹುಟ್ಟಿದ್ದು 1861ರ ಆಗಸ್ಟ್ 2ರಂದು, ಕಪೋತಾಕ್ಷ ನದಿ ದಡದ ರಾರುಲಿ ಎಂಬ ಹಳ್ಳಿಯಲ್ಲಿ. 1947ರಲ್ಲಿ ಈ ಊರು ಗಡಿಯ ಆಚೆಗೆ ಹೋಯಿತು. ಇಂದು ಬಾಂಗ್ಲಾದೇಶದ ಖುಲ್ನಾ ಭಾಗದಲ್ಲಿದೆ. ತಂದೆ ಜಮೀನ್ದಾರರು, ಮನೆಯಲ್ಲಿ ಒಳ್ಳೆಯ ಪುಸ್ತಕ ಭಂಡಾರವಿತ್ತು. ಕಲ್ಕತ್ತೆಯ ಶಾಲೆಗೆ ಸೇರಿದ್ದ ಹುಡುಗನಿಗೆ 1874ರಲ್ಲಿ ಆಮಶಂಕೆ ತಗುಲಿ ಶಾಲೆ ನಿಂತಿತು. ಊರಿಗೆ ಮರಳಿದವನು ತಂದೆಯ ಪುಸ್ತಕಗಳಲ್ಲಿ ಮುಳುಗಿದ. ಹೊಟ್ಟೆಯ ತೊಂದರೆ ಮಾತ್ರ ಜೀವನಪೂರ್ತಿ ಬಿಡಲಿಲ್ಲ.

1882ರಲ್ಲಿ ವಿದ್ಯಾರ್ಥಿವೇತನ ಪಡೆದು ಎಡಿನ್‌ಬರೋಗೆ ಹೋದ ರಾಯ್, 1887ರಲ್ಲಿ ರಸಾಯನಶಾಸ್ತ್ರದಲ್ಲಿ ಡಿ.ಎಸ್‌ಸಿ. ಪದವಿ ಗಳಿಸಿದರು. ಅಷ್ಟು ಓದಿ ಬಂದರೂ ಮೇಲ್ದರ್ಜೆಯ ಶಿಕ್ಷಣ ಸೇವೆಯ ಬಾಗಿಲು ಭಾರತೀಯರಿಗೆ ಹೆಚ್ಚುಕಡಿಮೆ ಮುಚ್ಚಿತ್ತು. ಕಾದು ಕಾದು 1889ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ತಿಂಗಳಿಗೆ 250 ರೂಪಾಯಿಯ ತಾತ್ಕಾಲಿಕ ಕೆಲಸ ಸಿಕ್ಕಿತು.

ಓದಿದವರೆಲ್ಲ ಗುಮಾಸ್ತಿಕೆಗೆ ಅಲೆಯುವುದನ್ನು ಕಂಡು ಬೇಸತ್ತ ರಾಯ್ ತಾವಿದ್ದ ಮನೆಯಲ್ಲೇ ಔಷಧಿ ತಯಾರಿಸಲು ಹೊರಟರು. ಫಾಸ್ಫೇಟಿಗೆ ದನದ ಮೂಳೆ ಬೇಕು. ಮೂಟೆಗಟ್ಟಲೆ ತರಿಸಿ ಮಾಳಿಗೆಯ ಮೇಲೆ ಒಣಹಾಕಿದರು. ಮಳೆ ಬಂದು ಮೂಳೆಗಳಿಗೆ ಹುಳು ಬಿತ್ತು. ಕಾಗೆಗಳು ಮುತ್ತಿ, ಚೂರುಗಳನ್ನು ನೆರೆಮನೆಗಳ ಮೇಲೆ ಉದುರಿಸಿದವು. ದೂರು ಬಂದಾಗ ಮೂಳೆಗಳನ್ನು ಬೇರೆಡೆಗೆ ಸಾಗಿಸಬೇಕಾಯಿತು. ಹೀಗೆ ಶುರುವಾದ ಕೆಲಸವೇ 1901ರಲ್ಲಿ ಬೆಂಗಾಲ್ ಕೆಮಿಕಲ್ ಕಂಪನಿಯಾಗಿ ನಿಂತಿತು.

1896ರಲ್ಲಿ ಪಾದರಸದ ಹೊಸ ಸಂಯುಕ್ತವೊಂದರ ಬಗ್ಗೆ ಪ್ರಕಟಿಸಿದಾಗ ಹೊರದೇಶಗಳಲ್ಲೂ ಹೆಸರು ಬಂತು. ಅದೇ ಸುಮಾರಿಗೆ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಬರ್ತೆಲೊ ಅವರೊಡನೆ ಪತ್ರವ್ಯವಹಾರ ಆರಂಭವಾಯಿತು. ಗ್ರೀಕರ ಹಳೆಯ ರಸವಿದ್ಯೆಯ ಬಗ್ಗೆ ಬರೆದಿದ್ದ ಬರ್ತೆಲೊ, ಭಾರತದ ಕಥೆಯನ್ನು ತಿಳಿಯಲು ಕುತೂಹಲ ತೋರಿದರು. ರಾಯ್ ಪಂಡಿತರ ನೆರವು ಪಡೆದು ಕಾಶ್ಮೀರ, ಕಾಶಿ, ಮದ್ರಾಸ್ ಮುಂತಾದ ಕಡೆಗಳಿಂದ ಹಸ್ತಪ್ರತಿ ತರಿಸಿ ಓದಿದರು. ಅವರ ಹಿಂದೂ ರಸಾಯನಶಾಸ್ತ್ರದ ಇತಿಹಾಸದ ಮೊದಲ ಸಂಪುಟ 1902ರಲ್ಲಿ ಹೊರಬಂತು, ಎರಡನೆಯದು 1909ರಲ್ಲಿ.

ಎಲ್ಲವೂ ನಮ್ಮ ಹಿರಿಯರಿಗೆ ಗೊತ್ತಿತ್ತು ಎಂದು ಬರೆದಿದ್ದರೆ ಚಪ್ಪಾಳೆ ಸುಲಭವಾಗಿ ಸಿಗುತ್ತಿತ್ತು. ರಾಯ್ ನೋಡಿದ ರೀತಿಯೇ ಬೇರೆ. ರಸಾರ್ಣವ ಗ್ರಂಥದಲ್ಲಿ ತಾಮ್ರದ ಜ್ವಾಲೆ ನೀಲಿ, ತವರದ್ದು ಪಾರಿವಾಳದ ಬಣ್ಣ ಎಂದಿರುವುದನ್ನು ಅವರು ಎತ್ತಿ ತೋರಿಸಿದರು. ಇದು ಒಲೆಯ ಮುಂದೆ ಕೂತು ಕಣ್ಣಾರೆ ಕಂಡವರ ಮಾತು. ರಸೇಂದ್ರ ಚಿಂತಾಮಣಿಯ ಕರ್ತೃ, ವಿದ್ವಾಂಸರಿಂದ ಕೇಳಿದ್ದರೂ ತಾನು ಮಾಡಿ ನೋಡಲಾಗದ್ದನ್ನು ಕೈಬಿಟ್ಟಿದ್ದೇನೆ ಎಂದಿರುವುದೂ ಅವರಿಗೆ ಬಹಳ ಹಿಡಿಸಿತು.

ಇಂಥ ಪರೀಕ್ಷಿಸುವ ಬುದ್ಧಿ ಆಮೇಲೆ ಎಲ್ಲಿ ಹೋಯಿತು? ರಾಯ್ ನೇರವಾಗಿ ಜಾತಿ ಪದ್ಧತಿಯತ್ತ ಬೆರಳು ಮಾಡಿದರು. ಸುಶ್ರುತ ಹೆಣ ಕೊಯ್ದು ಕಲಿಯಬೇಕೆಂದಿದ್ದ. ಮುಂದೆ ಹೆಣ ಮುಟ್ಟುವುದೇ ಮೈಲಿಗೆಯಾಗಿ ಶಸ್ತ್ರವೈದ್ಯ ಸೊರಗಿತು. ಕುಲುಮೆ, ಮಗ್ಗ, ಬಣ್ಣಗಾರಿಕೆ ಕೆಳಗಿನವರ ಪಾಲಾದವು. ಕೆಲಸ ಬಲ್ಲವನಿಗೆ ಓದು ಸಿಗಲಿಲ್ಲ, ಓದಿದವನು ಕೆಲಸ ಮುಟ್ಟಲಿಲ್ಲ. ಏಕೆ, ಹೇಗೆ ಎಂದು ಕೇಳುವವರೇ ಇಲ್ಲವಾದರು. ಶಂಕರರ ಮಾಯಾವಾದವನ್ನೂ ಅವರು ಕಾರಣಗಳಲ್ಲಿ ಸೇರಿಸಿದರು. ಇದನ್ನು ಒಪ್ಪದವರಿದ್ದಾರೆ. ಆದರೆ ಜಾತಿಯ ಬಗ್ಗೆ ಹೇಳಿದ್ದನ್ನು ತಳ್ಳಿಹಾಕುವುದು ಕಷ್ಟ.

1916ರಲ್ಲಿ ಅವರು ಯೂನಿವರ್ಸಿಟಿ ಸೈನ್ಸ್ ಕಾಲೇಜಿಗೆ ಬಂದರು. ಮದುವೆಯಾಗಿರಲಿಲ್ಲ, ಕಾಲೇಜಿನ ಕೋಣೆಯೊಂದೇ ಮನೆಯಾಯಿತು. 60 ತುಂಬಿದ ಮೇಲೆ ಸಂಬಳವನ್ನು ವಿಶ್ವವಿದ್ಯಾಲಯಕ್ಕೇ ಬಿಟ್ಟುಕೊಟ್ಟರು. 1922ರಲ್ಲಿ 10,000 ರೂಪಾಯಿ ಕೊಟ್ಟು ಸ್ಥಾಪಿಸಿದ ರಸಾಯನಶಾಸ್ತ್ರದ ಬಹುಮಾನಕ್ಕೆ ಹಳೆಯ ರಸಸಿದ್ಧ ನಾಗಾರ್ಜುನನ ಹೆಸರಿಟ್ಟರು. 1944ರ ಜೂನ್ 16ರಂದು ಅದೇ ಕೋಣೆಯಲ್ಲಿ ತೀರಿಕೊಂಡರು. ಅವರ ಇತಿಹಾಸ ಗ್ರಂಥವನ್ನು ಶಿಷ್ಯ ಪ್ರಿಯದಾರಂಜನ್ ರಾಯ್ ಪರಿಷ್ಕರಿಸಿ 1956ರಲ್ಲಿ ಮತ್ತೆ ಹೊರತಂದರು.