ಪರೀಕ್ಷಕರಾಗಿ ಡೆಪ್ಯುಟಿ ಚನ್ನಬಸಪ್ಪನವರು

ಕೆಲವರ ಹೆಸರಿಗೆ ಅವರು ಮಾಡಿದ ಉದ್ಯೋಗವೇ ಮನೆತನದ ಹೆಸರಿನಂತೆ ಅಂಟಿಕೊಂಡುಬಿಡುತ್ತದೆ. ಚನ್ನಬಸಪ್ಪನವರು ತೀರಿಕೊಂಡು ಸುಮಾರು ಒಂದೂವರೆ ಶತಮಾನವಾಗುತ್ತ ಬಂದರೂ ಉತ್ತರ ಕರ್ನಾಟಕದ ಜನ ಅವರನ್ನು ಇಂದಿಗೂ ಡೆಪ್ಯುಟಿ ಚನ್ನಬಸಪ್ಪನವರೆಂದೇ ಕರೆಯುತ್ತಾರೆ. ಡೆಪ್ಯುಟಿ ಎಂದರೆ ಶಿಕ್ಷಣ ಖಾತೆಯ ಡೆಪ್ಯುಟಿ ಇನ್‌ಸ್ಪೆಕ್ಟರು. ಊರೂರು ಸುತ್ತಿ ಶಾಲೆಗಳ ತಪಾಸಣೆ ಮಾಡಿ, ಹುಡುಗರು ಏನನ್ನು ಕಲಿತಿದ್ದಾರೆಂದು ಪರೀಕ್ಷಿಸಿ ಮೇಲಿನವರಿಗೆ ವರದಿ ಒಪ್ಪಿಸತಕ್ಕ ಅಧಿಕಾರಿ. ಕನ್ನಡದ ನವೋದಯಕ್ಕೆ ನೆಲ ಹಸನು ಮಾಡಿದವರೆಂದು ಅವರನ್ನು ಸ್ಮರಿಸುವ ನಾವು, ಅವರು ಎಲ್ಲಕ್ಕೂ ಮೊದಲು ಒಬ್ಬ ಪರೀಕ್ಷಕರಾಗಿದ್ದರೆಂಬುದನ್ನು ಮರೆತುಬಿಡುತ್ತೇವೆ.

ಈಚೆಗೆ ಈ ಮಾತು ನನ್ನ ಮನಸ್ಸಿಗೆ ಬರಲು ಒಂದು ಸಣ್ಣ ಪ್ರಸಂಗ ಕಾರಣವಾಯಿತು. ಅರಭಾವಿಯ ಸುತ್ತಲಿನ ಹಳ್ಳಿಯೊಂದರ ಶಾಲೆಗೆ ಹೋಗಿದ್ದೆ. ಅಲ್ಲಿಯ ಮಕ್ಕಳು ಪಾಟಿಯಷ್ಟೇ ಅಗಲದ ಗಣಕಯಂತ್ರಗಳನ್ನು ತೊಡೆಯ ಮೇಲಿಟ್ಟುಕೊಂಡು ಪ್ರಶ್ನೆಗಳಿಗೆ ಉತ್ತರ ಬರೆಯುತ್ತಿದ್ದರು. ಬರೆದು ಮುಗಿಸಿದೊಡನೆ ಯಂತ್ರವೇ ತಪ್ಪು ಒಪ್ಪುಗಳನ್ನು ಗುರುತಿಸಿ ಅಂಕ ಕೊಡುತ್ತಿತ್ತು. ತೆನೆಯೊಂದರ ಚಿತ್ರವನ್ನು ಕಂಡು ಒಬ್ಬ ಹುಡುಗ ಗೋವಿನಜೋಳವೆಂದು ಬರೆದ. ಯಂತ್ರದಲ್ಲಿ ಇಟ್ಟಿದ್ದ ಉತ್ತರ ಮೆಕ್ಕೆಜೋಳವೆಂದಿತ್ತು. ಹುಡುಗನ ಉತ್ತರಕ್ಕೆ ಕೆಂಪು ಗುರುತು ಬಿದ್ದಿತು. ಘಟಪ್ರಭೆಯ ಕಾಲುವೆಯ ನೀರು ಹಾಯಿಸಿ ಆ ಬೆಳೆಯನ್ನು ಬೆಳೆದು, ತೆನೆ ಮುರಿದು, ರಾಶಿ ಮಾಡಿದ ಮನೆಯ ಹುಡುಗ ಅವನು. ತನ್ನ ಹೊಲದ ಬೆಳೆಯ ಹೆಸರೇ ತನಗೆ ತಿಳಿಯದೆಂದು ಯಂತ್ರ ತೀರ್ಪು ಕೊಟ್ಟಾಗ ಅವನು ಮರುಮಾತಾಡದೆ ತಲೆ ತಗ್ಗಿಸಿದನು. ಆ ತಗ್ಗಿದ ತಲೆಯನ್ನು ಕಂಡಾಗ ನನಗೆ ಚನ್ನಬಸಪ್ಪನವರ ನೆನಪಾಯಿತು. ಇಂತಹ ತಲೆಗಳನ್ನು ಎತ್ತಿ ನಿಲ್ಲಿಸುವುದರಲ್ಲಿಯೇ ಅವರ ಆಯುಷ್ಯ ಸವೆದಿತ್ತು.

ಹತ್ತೊಂಬತ್ತನೆಯ ಶತಮಾನದ ಮೂವತ್ತರ ದಶಕದಲ್ಲಿ ಚನ್ನಬಸಪ್ಪನವರು ಧಾರವಾಡದಲ್ಲಿ ಹುಟ್ಟಿದರು. 1818ರಲ್ಲಿ ಪೇಶವೆಯರ ಆಳಿಕೆ ಮುಗಿದ ಮೇಲೆ ಈ ಸೀಮೆ ಇಂಗ್ಲಿಷರ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅರಸರು ಬದಲಾದರೂ ಕಚೇರಿಯ ಭಾಷೆ ಬದಲಾಗಲಿಲ್ಲ. ದಫ್ತರಗಳು ಮರಾಠಿಯಲ್ಲಿದ್ದವು, ಬರವಣಿಗೆ ಮೋಡಿಯಲ್ಲಿತ್ತು. ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ಕನ್ನಡವನ್ನಾಡುವ ಜನ ಸರಕಾರದ ಹೊಸ್ತಿಲು ತುಳಿದೊಡನೆ ಮರಾಠಿಯನ್ನು ಹುಡುಕಿಕೊಳ್ಳಬೇಕಾಗುತ್ತಿತ್ತು. ವಿದ್ಯೆಯೆಂದರೆ ಮರಾಠಿ, ಕನ್ನಡವೆಂದರೆ ಒಕ್ಕಲುಮಕ್ಕಳ ಆಡುನುಡಿ ಎಂಬ ಭಾವನೆ ಕನ್ನಡಿಗರಲ್ಲಿಯೇ ಬೇರೂರಿತ್ತು. ವಾಲ್ಟರ್ ಎಲಿಯಟ್ ಸಾಹೇಬರು ತಮ್ಮ ಕೈಯಿಂದ ಹಣ ಹಾಕಿ ಧಾರವಾಡದಲ್ಲಿ ಕನ್ನಡ ಶಾಲೆಯನ್ನು ನಡೆಸಿದ್ದುಂಟು. ಆದರೆ ಒಬ್ಬ ಅಧಿಕಾರಿಯ ಒಲವಿನ ಮೇಲೆ ನಿಂತ ಪ್ರಯತ್ನ ನಾಡಿನ ವ್ಯವಸ್ಥೆಯಾಗುವುದು ಸಾಧ್ಯವಿರಲಿಲ್ಲ.

ಹೆಚ್ಚಿನ ವಿದ್ಯೆಗೆ ಆಗ ಪುಣೆಯೇ ಗತಿ. ಬೆಳಗಾವಿ ಧಾರವಾಡಗಳ ಕಡೆಗೆ ರೈಲು ಬಂದುದು 1880ರ ದಶಕದಲ್ಲಿ, ಚನ್ನಬಸಪ್ಪನವರು ತೀರಿಕೊಂಡ ಮೇಲೆ. ತರುಣ ಚನ್ನಬಸಪ್ಪನವರು ಧಾರವಾಡದಿಂದ ಕಾಲ್ನಡಿಗೆಯಲ್ಲಿಯೇ ಪುಣೆಗೆ ಹೋದರೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಅಲ್ಲಿ ಇಂಗ್ಲಿಷು ಮರಾಠಿಗಳನ್ನು ಚೆನ್ನಾಗಿ ಕಲಿತರು. ಮರಾಠಿಯ ಹೊಸ ಗದ್ಯ, ಹೊಸ ಪಠ್ಯಪುಸ್ತಕಗಳು, ಪತ್ರಿಕೆಗಳು ಅವರ ಕಣ್ಣಮುಂದೆಯೇ ಬೆಳೆಯುತ್ತಿದ್ದವು. ಆ ಭಾಷೆಯ ಮೇಲೆ ಅವರಿಗೆ ದ್ವೇಷ ಹುಟ್ಟಲಿಲ್ಲ. ತಮ್ಮ ಭಾಷೆಗೂ ಇದೆಲ್ಲ ಏಕೆ ಆಗಬಾರದೆಂಬ ಹಂಬಲ ಹುಟ್ಟಿತು.

ಅವರು ಊರಿಗೆ ಮರಳಿದ ಕಾಲ ಸಂಧಿಕಾಲವಾಗಿತ್ತು. 1854ರ ವುಡ್ ಸಾಹೇಬರ ಶಿಕ್ಷಣ ಖಲೀತೆಯನ್ನು ಅನುಸರಿಸಿ 1855ರಲ್ಲಿ ಮುಂಬಯಿ ಪ್ರಾಂತದಲ್ಲಿ ಶಿಕ್ಷಣ ಖಾತೆ ಏರ್ಪಟ್ಟಿತು. 1857ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಶಾಲೆಗಳ ಸಂಖ್ಯೆ ಬೆಳೆದಂತೆ ಅವುಗಳ ಫಲವನ್ನು ಅಳೆಯುವ ಕ್ರಮವೂ ಬೇಕಾಯಿತು. ಇಂಗ್ಲೆಂಡಿನಲ್ಲಿ 1862ರಿಂದ ಹುಡುಗರ ತೇರ್ಗಡೆಯನ್ನು ನೋಡಿ ಶಾಲೆಗೆ ಹಣ ಕೊಡುವ ಪದ್ಧತಿ ಜಾರಿಗೆ ಬಂದಿತ್ತು. ಆ ದಶಕದಲ್ಲಿಯೇ ಮುಂಬಯಿ ಪ್ರಾಂತದ ಅನುದಾನಿತ ಶಾಲೆಗಳಿಗೂ ಅಂತಹದೇ ನಿಯಮ ಬಂದಿತು. ಹೀಗೆ ಪರೀಕ್ಷೆ ಎಂಬುದು ಶಿಕ್ಷಣದ ನಡುಗಂಬವಾಯಿತು.

ಚನ್ನಬಸಪ್ಪನವರು ಮೊದಲು ಧಾರವಾಡದ ನಾರ್ಮಲ್ ಶಾಲೆಯ ಮುಖ್ಯರಾಗಿ ಮಾಸ್ತರರನ್ನು ತಯಾರು ಮಾಡುವ ಕೆಲಸವನ್ನು ಕೈಕೊಂಡರು. ಮುಂದೆ ಬೆಳಗಾವಿ ಜಿಲ್ಲೆಯ ಡೆಪ್ಯುಟಿ ಇನ್‌ಸ್ಪೆಕ್ಟರರಾದರು. ಗೋಕಾಕ, ಹುಕ್ಕೇರಿ, ಮೂಡಲಗಿಯ ಈ ಸೀಮೆ ಆ ಜಿಲ್ಲೆಯದೇ. ಅಂದಿನ ಶಾಲೆಯ ಸಲಕರಣೆಗಳು ಎಷ್ಟೆಂದು ಇಂದಿನ ವಿದ್ಯಾರ್ಥಿಗಳು ಊಹಿಸಿಕೊಳ್ಳಬೇಕು. ಐಗಳ ಮಠದಲ್ಲಿ ಹುಡುಗ ಧೂಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದ. ಮಗ್ಗಿಗಳನ್ನು, ಕಾಲು ಅರೆ ಮುಕ್ಕಾಲುಗಳ ಲೆಕ್ಕವನ್ನು ಬಾಯಿಪಾಠ ಮಾಡುತ್ತಿದ್ದ. ಸರಕಾರಿ ಶಾಲೆಯೊಡನೆ ಕಲ್ಲಿನ ಪಾಟಿ, ಕರಿಹಲಗೆ, ಗೋಡೆಗೆ ತೂಗುಹಾಕುವ ನಕಾಶೆ, ಅಚ್ಚಿನ ಪುಸ್ತಕ, ಹಾಜರಿಯ ಪಟ್ಟಿ ಇವೆಲ್ಲ ಬಂದವು. ಅಂದಿಗೆ ಇವೇ ಹೊಸ ಯಂತ್ರಗಳು. ಧೂಳಿನ ಮೇಲಿನ ಅಕ್ಷರ ಗಾಳಿಗೆ ಅಳಿಸಿಹೋಗುತ್ತಿತ್ತು. ಪಾಟಿಯ ಮೇಲಿನ ಉಕ್ತಲೇಖನವನ್ನು ಪರೀಕ್ಷಕರು ಸಾಲಾಗಿ ನಡೆದು ನೋಡಿ ತಪ್ಪು ಎಣಿಸಬಹುದಾಗಿತ್ತು. ಒಂದೇ ಪುಸ್ತಕ, ಒಂದೇ ಪ್ರಶ್ನೆ, ಒಂದೇ ಅಳತೆ ಎಂಬ ಮಾತು ಮೊದಲ ಸಲ ಸಾಧ್ಯವಾಯಿತು.

ಆದರೆ ಆ ಅಳತೆ ಮರಾಠಿಯಲ್ಲಿತ್ತು. ಮನೆಯಲ್ಲಿ ಅವ್ವನೊಡನೆ ಕನ್ನಡ ಮಾತಾಡಿ ಬಂದ ಹುಡುಗನ ಕೈಗೆ ಮರಾಠಿ ಪುಸ್ತಕವನ್ನು ಕೊಡುತ್ತಿದ್ದರು. ಅರ್ಥವಾಗದ ಮಾತನ್ನು ಅವನು ಉರು ಹೊಡೆಯುತ್ತಿದ್ದ. ಓದಿದುದರ ತಾತ್ಪರ್ಯ ಕೇಳಿದರೆ ಸುಮ್ಮನೆ ನಿಲ್ಲುತ್ತಿದ್ದ. ಶೇರಾ ಪುಸ್ತಕದಲ್ಲಿ ಅವನು ಮಂದಬುದ್ಧಿಯವನೆಂದು, ಶಾಲೆ ಸುಮಾರಾದುದೆಂದು ಬರೆದುಹಾಕುವುದು ಯಾವ ಅಧಿಕಾರಿಗೂ ಸುಲಭವಾಗಿತ್ತು. ಕನ್ನಡ ಬಲ್ಲ ಪರೀಕ್ಷಕರಿಗೆ ಮಾತ್ರ ಬೇರೊಂದು ಸಂಗತಿ ಕಾಣುವಂತಿತ್ತು. ಅದೇ ಪ್ರಶ್ನೆಯನ್ನು ಅವನ ಮಾತಿನಲ್ಲಿ ಕೇಳಿದರೆ ಅದೇ ಹುಡುಗ ಉತ್ತರ ಹೇಳಬಲ್ಲವನಾಗಿದ್ದ. ದೋಷ ಹುಡುಗನಲ್ಲಿ ಇರಲಿಲ್ಲ. ಅಳೆಯುವ ಕೋಲಿನಲ್ಲಿ ಇತ್ತು.

ಇದನ್ನು ಕಂಡುಕೊಂಡುದಕ್ಕಿಂತ, ಕಂಡುಕೊಂಡ ಮೇಲೆ ಸುಮ್ಮನಿರದೆ ಹೋದುದೇ ಚನ್ನಬಸಪ್ಪನವರ ದೊಡ್ಡಸ್ತಿಕೆ. ಇಲ್ಲಿಯ ಜನರ ಭಾಷೆ ಕನ್ನಡವೆಂದು ಅವರು ಮೇಲಧಿಕಾರಿಗಳಿಗೆ ಮನವರಿಕೆ ಮಾಡಿಕೊಡಬೇಕಾಯಿತು. ಖಾತೆಯೊಳಗೆ ಮರಾಠಿಯ ಪ್ರಾಬಲ್ಯವಿತ್ತು. ಊರಿನ ಪ್ರಮುಖರಲ್ಲಿಯೂ ಅನೇಕರಿಗೆ ಕನ್ನಡ ಶಾಲೆ ಬೇಡವಾಗಿತ್ತು. ಅವರ ಪುಣ್ಯಕ್ಕೆ ದಕ್ಷಿಣ ವಿಭಾಗದ ಎಜ್ಯುಕೇಶನಲ್ ಇನ್‌ಸ್ಪೆಕ್ಟರರಾಗಿದ್ದ ರಸೆಲ್ ಸಾಹೇಬರು ಈ ಮಾತಿಗೆ ಕಿವಿಗೊಟ್ಟರು. ಸಾಹೇಬರ ಬೆಂಬಲ, ಡೆಪ್ಯುಟಿಯವರ ಓಡಾಟ ಇವೆರಡೂ ಕೂಡಿ ಬೆಳಗಾವಿ ಧಾರವಾಡಗಳ ಕಡೆ ಮರಾಠಿ ಶಾಲೆಗಳಿದ್ದ ಕಡೆಗಳಲ್ಲಿ ಕನ್ನಡ ಶಾಲೆಗಳು ತಲೆಯೆತ್ತಿದವು.

ಶಾಲೆಯ ಹೆಸರು ಬದಲಾದರೆ ಸಾಲದೆಂದು ಪರೀಕ್ಷಕರಾದ ಅವರಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ಕನ್ನಡದಲ್ಲಿ ಪರೀಕ್ಷಿಸಬೇಕಾದರೆ ಕನ್ನಡದಲ್ಲಿ ಪಾಠ ನಡೆಯಬೇಕು. ಪಾಠ ನಡೆಯಲು ಪುಸ್ತಕ ಬೇಕು. ಪುಸ್ತಕವನ್ನು ತಿಳಿಸಿ ಹೇಳಲು ಮಾಸ್ತರ ಬೇಕು. ಆದುದರಿಂದ ಅವರು ಒಂದು ಕೈಯಲ್ಲಿ ತಪಾಸಣೆಯನ್ನೂ ಇನ್ನೊಂದು ಕೈಯಲ್ಲಿ ನಿರ್ಮಾಣವನ್ನೂ ನಡೆಸಿದರು. ವೆಂಕಟ ರಂಗೋ ಕಟ್ಟಿ, ಗಂಗಾಧರ ಮಡಿವಾಳೇಶ್ವರ ತುರಮರಿ, ರೊದ್ದ ಶ್ರೀನಿವಾಸರಾಯರಂತಹ ಸಮಕಾಲೀನರು ಬರವಣಿಗೆಯಿಂದ, ಶಿಕ್ಷಣಸೇವೆಯಿಂದ ಅದೇ ಕಾರ್ಯಕ್ಕೆ ಹೆಗಲು ಕೊಟ್ಟರು. 1865ರಲ್ಲಿ ಆರಂಭವಾಗಿ ಮುಂದೆ ಜೀವನ ಶಿಕ್ಷಣವೆಂಬ ಹೆಸರಿನಲ್ಲಿ ಬಾಳಿದ ಮಠಪತ್ರಿಕೆ ಹಳ್ಳಿಯ ಮಾಸ್ತರನ ಮನೆಗೆ ಹೊಸ ವಿಚಾರವನ್ನು ಒಯ್ದಿತು. ತಪ್ಪನ್ನು ಬರೆದಿಡುವುದರಿಂದ ಹುಡುಗ ಕಲಿಯುವುದಿಲ್ಲ, ಮಾಸ್ತರ ಬೆಳೆಯಬೇಕು ಎಂಬ ತಿಳಿವಳಿಕೆ ಈ ಎಲ್ಲ ಉದ್ಯೋಗದ ಹಿಂದೆ ಇತ್ತು.

ಇಷ್ಟೆಲ್ಲ ಜಂಜಾಟದ ನಡುವೆ ಅವರು ಶೇಕ್ಸ್‌ಪಿಯರ್ ಮಹಾಕವಿಯ ಕಾಮೆಡಿ ಆಫ್ ಎರರ್ಸ್ ನಾಟಕವನ್ನು ನಗದವರನ್ನು ನಗಿಸುವ ಕಥೆ ಎಂಬ ಹೆಸರಿನಿಂದ ಕನ್ನಡಕ್ಕೆ ತಂದರು. ಅದು 1871ರಲ್ಲಿ ಪ್ರಕಟವಾಯಿತು. ಕನ್ನಡದಲ್ಲಿ ಶೇಕ್ಸ್‌ಪಿಯರನ ಮೊದಮೊದಲಿನ ರೂಪಾಂತರಗಳಲ್ಲಿ ಅದು ಒಂದು. ಸಾಹಿತ್ಯಚರಿತ್ರಕಾರರು ಅದಕ್ಕೆ ಕೊಡುವ ಸ್ಥಾನ ಏನೇ ಇರಲಿ, ಶಾಲೆಗೆ ತಕ್ಕ ಭಾಷೆಯಲ್ಲವೆಂದು ತಳ್ಳಿಹಾಕಿದ ಕನ್ನಡ ಇಂಗ್ಲೆಂಡಿನ ಕವಿಯ ನಗೆಯನ್ನು ಹೊರಬಲ್ಲುದೆಂದು ಅದು ತೋರಿಸಿಕೊಟ್ಟಿತು. ಭಾಷೆಗೂ ಅವರು ಒಂದು ಪರೀಕ್ಷೆಯನ್ನಿಟ್ಟು ತೇರ್ಗಡೆ ಮಾಡಿಸಿದರೆನ್ನಬೇಕು.

1881ರಲ್ಲಿ, ಐವತ್ತು ತುಂಬುವ ಮೊದಲೇ, ಚನ್ನಬಸಪ್ಪನವರು ತೀರಿಕೊಂಡರು. ಕರ್ನಾಟಕ ವಿದ್ಯಾವರ್ಧಕ ಸಂಘ 1890ರಲ್ಲಿ ಧಾರವಾಡದಲ್ಲಿ ಸ್ಥಾಪನೆಯಾದುದನ್ನು ಅವರು ಕಾಣಲಿಲ್ಲ. ಆ ಸಂಘಕ್ಕೆ ಸದಸ್ಯರೂ ವಾಚಕರೂ ಲೇಖಕರೂ ದೊರೆತುದು ಅವರ ಕಾಲದಲ್ಲಿ ಬಾಗಿಲು ತೆರೆದ ಕನ್ನಡ ಶಾಲೆಗಳಿಂದ. ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಕೃಷ್ಣಶರ್ಮರು, ಅದೇ ತಾಲೂಕಿನ ಮಲಾಮರಡಿಯಲ್ಲಿ 1919ರಲ್ಲಿ ಬಸವರಾಜ ಕಟ್ಟೀಮನಿಯವರು, ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಚಂದ್ರಶೇಖರ ಕಂಬಾರರು ಹುಟ್ಟಿದರು. ಈ ಸೀಮೆಯ ಆಡುಮಾತು ಇವರ ಕೈಯಲ್ಲಿ ಸಾಹಿತ್ಯವಾಯಿತು. ಅಳತೆಯ ಕೋಲು ಮೊದಲಿನಂತೆಯೇ ಉಳಿದಿದ್ದರೆ ಇಂತಹ ಎಷ್ಟು ಮಕ್ಕಳು ಶೇರಾ ಪುಸ್ತಕದ ಮಂದಬುದ್ಧಿಗಳಾಗಿ ಹೋಗುತ್ತಿದ್ದರೋ ಯಾರು ಬಲ್ಲರು?

ಡೆಪ್ಯುಟಿಯವರು ಅನುಭವದಿಂದ ಅರಿತುದನ್ನು ಮುಂದೆ ಶಾಸ್ತ್ರವೂ ಒಪ್ಪಿತು. ಫ್ರಾನ್ಸಿನಲ್ಲಿ ಬಿನೆ ಎಂಬ ಮನಶ್ಶಾಸ್ತ್ರಜ್ಞರು 1905ರಲ್ಲಿ ಮಕ್ಕಳ ಬುದ್ಧಿಯನ್ನು ಅಳೆಯುವ ಪರೀಕ್ಷೆಯೊಂದನ್ನು ರೂಪಿಸಿದರು. ಅದು ಲೋಕವನ್ನೆಲ್ಲ ಸುತ್ತಿ ನಮ್ಮ ನಾಡಿಗೂ ಬಂದಾಗ ವಿ. ವಿ. ಕಾಮತರು ಅದನ್ನು ಹಾಗೆಯೇ ತರ್ಜುಮೆ ಮಾಡಿ ಕೈತೊಳೆದುಕೊಳ್ಳಲಿಲ್ಲ. ಕನ್ನಡ ಮತ್ತು ಮರಾಠಿ ಮಾತಾಡುವ ನಮ್ಮ ಮಕ್ಕಳ ಮೇಲೆಯೇ ಪ್ರಯೋಗಿಸಿ ನೋಡಿ, ಅವರಿಗೆ ಒಗ್ಗುವಂತೆ ತಿದ್ದಿದರು. 1934ರಲ್ಲಿ ಅದರ ವರದಿಯೂ 1940ರಲ್ಲಿ ಗ್ರಂಥವೂ ಪ್ರಕಟವಾದವು. ಬಿನೆ ಕಾಮತ ಪರೀಕ್ಷೆಯೆಂಬ ಹೆಸರಿನಲ್ಲಿ ಅದು ಭಾರತದಲ್ಲೆಲ್ಲ ಪ್ರಸಿದ್ಧವಾಗಿದೆ. ಮಗುವನ್ನು ಅಳೆಯುವ ಮೊದಲು ಅಳತೆಯನ್ನೇ ಆ ಮಗುವಿನ ಮುಂದೆ ಹಿಡಿದು ನೋಡಬೇಕೆಂಬ ತತ್ವ ಇಲ್ಲಿಯೂ ಅದೇ.

ಇಂದು ಪಾಟಿಯ ಸ್ಥಾನಕ್ಕೆ ಯಂತ್ರ ಬಂದಿದೆ. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ನಾಲ್ವತ್ತು ಹುಡುಗರ ಉತ್ತರಗಳನ್ನು ರೆಪ್ಪೆ ಮುಚ್ಚಿ ತೆರೆಯುವಷ್ಟರಲ್ಲಿ ನೋಡಿ, ಯಾರಿಗೆ ಭಾಗಾಕಾರ ಬಂದಿಲ್ಲ, ಯಾರಿಗೆ ಒತ್ತಕ್ಷರ ತಿಳಿದಿಲ್ಲ ಎಂದು ಅದೇ ದಿನ ಹೇಳಬಲ್ಲ ಸಲಕರಣೆಯನ್ನು ಚನ್ನಬಸಪ್ಪನವರು ಕಂಡಿದ್ದರೆ ಎರಡೂ ಕೈಚಾಚಿ ಬರಮಾಡಿಕೊಳ್ಳುತ್ತಿದ್ದರೆಂದೇ ನನ್ನ ನಂಬಿಕೆ. ಆದರೆ ಅದರೊಳಗಿನ ಪ್ರಶ್ನೆ ಯಾರ ಮಾತಿನಲ್ಲಿದೆ, ಅದರ ಉತ್ತರಪಟ್ಟಿಯನ್ನು ಬರೆದವರು ಈ ನೆಲದ ಮಾತನ್ನು ಬಲ್ಲರೇ ಎಂದು ಅವರು ಮೊದಲು ಕೇಳದೆ ಇರುತ್ತಿರಲಿಲ್ಲ. ಅಂದು ಮರಾಠಿಗೂ ಕನ್ನಡಕ್ಕೂ ನಡುವೆ ಇದ್ದ ಅಂತರ ಇಂದು ಪುಸ್ತಕದ ಕನ್ನಡಕ್ಕೂ ಮನೆಯ ಕನ್ನಡಕ್ಕೂ ನಡುವೆ ಸಣ್ಣದಾಗಿ ಉಳಿದುಕೊಂಡಿದೆ. ಉಳ್ಳಾಗಡ್ಡಿ ಎಂದವನೂ ಈರುಳ್ಳಿ ಎಂದವನೂ ಒಂದೇ ಗಡ್ಡೆಯನ್ನು ಬಲ್ಲವರು.

ಆ ದಿನ ಶಾಲೆಯ ಗುರುಮಾತೆಯವರು ಹುಡುಗನ ಬಳಿಗೆ ಬಂದು, ಯಂತ್ರದ ಕೆಂಪು ಗುರುತನ್ನು ನೋಡಿ, ಗೋವಿನಜೋಳವೂ ಮೆಕ್ಕೆಜೋಳವೂ ಒಂದೇ ಎಂದು ಇಡೀ ತರಗತಿಗೆ ಕೇಳುವಂತೆ ತಿಳಿಸಿ, ತಮ್ಮ ಪಟ್ಟಿಯಲ್ಲಿ ಅವನಿಗೆ ಪೂರ್ಣ ಅಂಕವನ್ನು ಬರೆದುಕೊಂಡರು. ಹುಡುಗ ತಲೆಯೆತ್ತಿದನು. ಡೆಪ್ಯುಟಿ ಚನ್ನಬಸಪ್ಪನವರ ಕೆಲಸ ಈ ಸೀಮೆಯಲ್ಲಿ ಇನ್ನೂ ನಡೆದಿದೆಯೆಂದು ನನಗೆ ಸಮಾಧಾನವಾಯಿತು.